ಬಿಚ್ಚಬೇಡಿ, ಸಂಪರ್ಕಿಸಿ

ಯೇವಲಾ ದಾಟಿ ವೈಜಾಪುರದ ಕಡೆ ಹೋಗುತ್ತಿದ್ದೆ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಹಿಂದೆ ಹಾರ್ನ್ ಬಾರಿಸುವ ಎಸ್‌ಟಿ ಬಸ್ಸು. ಗಿಯರ್ ಇಳಿಸೋಣವೆಂದು ಎಡಗಾಲಿನಿಂದ ಲಿವರ್ ಒತ್ತಿದೆ. ಲಿವರ್ ಕೆಳಗೆ ಹೋಯಿತು, ಗಿಯರ್ ಬೀಳಲಿಲ್ಲ. ಮತ್ತೆ ಒತ್ತಿದೆ, ಅದೇ ಕತೆ. ಕಾಲಡಿಯಲ್ಲಿ ಏನೋ ಕರಕರ ಅಂದಂತಾಯಿತು. ಬೈಕ್ ನಾಲ್ಕನೇ ಗಿಯರಿನಲ್ಲೇ ಉಳಿದು, ಇಂಜಿನ್ ಏದುಸಿರು ಬಿಡುತ್ತ ರಸ್ತೆಯ ಅಂಚಿಗೆ ಬಂದು ನಿಂತಿತು.

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗಲು ಸಮೃದ್ಧಿ ಹೆದ್ದಾರಿ ಇದೆಯಲ್ಲ ಎಂದು ಕೇಳಬೇಡಿ, ಅಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ನಮ್ಮಂಥವರಿಗೆ ನಿಫಾಡ್, ವಿಂಚೂರ್, ಯೇವಲಾ, ವೈಜಾಪುರ ಎಂದು ಊರು ಎಣಿಸುತ್ತ ಸಾಗುವ ಹಳೆಯ ದಾರಿಯೇ ಗತಿ. ನನ್ನದು ಕ್ರೂಸರ್ ಬೈಕು. ಕಾಲು ಮುಂದೆ ಚಾಚಿ, ಬೆನ್ನು ಹಿಂದಕ್ಕೆ ಕೊಟ್ಟು ಓಡಿಸುವಂಥದ್ದು. ಶೋಕಿಗೆ ಕೊಂಡದ್ದಲ್ಲ. ನಾನು ಗಿಡ್ಡಿ, ಸೀಟು ತಗ್ಗಿನಲ್ಲಿರುವ ಗಾಡಿ ಬೇಕಿತ್ತು, ಅಷ್ಟೇ.

ಎರಡು ವಾರದ ಹಿಂದೆಯೇ ಗಿಯರ್ ಲಿವರ್ ಸಡಿಲಾದದ್ದು ಗಮನಕ್ಕೆ ಬಂದಿತ್ತು. ನಾಸಿಕ್‌ನ ಒಂದು ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ದಿದ್ದೆ. ಕೌಂಟರಿನಲ್ಲಿದ್ದವರು ಬೈಕನ್ನು ಸ್ಟ್ಯಾಂಡಿನಿಂದ ಇಳಿಸುವ ಮೊದಲೇ ಕಂಪ್ಯೂಟರಿನಲ್ಲಿ ಅಂದಾಜು ಪಟ್ಟಿ ತೆಗೆದರು: ಶಿಫ್ಟ್ ಅಸೆಂಬ್ಲಿ ಪೂರ್ತಿ ಬದಲಿಸಬೇಕು, ಒಳಗಿನ ಶಾಫ್ಟ್ ಕೂಡ ಹೋಗಿರಬಹುದು, ಕೇಸ್ ಬಿಚ್ಚಿದ ಮೇಲೆ ಗೊತ್ತಾಗುತ್ತದೆ, ಏಳು ಸಾವಿರದಿಂದ ಮೇಲಕ್ಕೆ. ಭಾಗ ಸ್ಟಾಕಿನಲ್ಲಿಲ್ಲ, ಬಂದಾಗ ಫೋನ್ ಮಾಡುತ್ತೇವೆ. ಹುಡುಗನೊಬ್ಬ ಬಂದು ಬೋಲ್ಟನ್ನು ಗಟ್ಟಿಯಾಗಿ ತಿರುವಿ ಕಳಿಸಿದ. ಲಿವರ್ ಆಗಲೂ ಜಾರುತ್ತಿತ್ತು. ಇನ್ನೂ ಗಟ್ಟಿಯಾಗಿ ತಿರುವಿದ್ದರೂ ಜಾರುತ್ತಿತ್ತು, ಯಾಕೆಂದು ಮುಂದೆ ಹೇಳುತ್ತೇನೆ.

ಬಿಸಿಲಿನಲ್ಲಿ ನಿಂತು ಸೈಡ್ ಬ್ಯಾಗಿನಿಂದ ಬೈಕಿನ ಕೈಪಿಡಿ ತೆಗೆದೆ. ಅದು ನನ್ನ ಕಸುಬಿನ ಚಟ, ಕೈಪಿಡಿ ಕಂಡರೆ ಓದುತ್ತೇನೆ. ನೂರು ಚಿಲ್ಲರೆ ಪುಟಗಳಲ್ಲಿ ಗಿಯರ್ ಲಿವರಿನ ಸಡಿಲಿನ ಬಗ್ಗೆ ಇದ್ದದ್ದು ಎರಡೇ ವಾಕ್ಯ. ಸಡಿಲವೆನಿಸಿದರೆ ವಾಹನ ಚಲಾಯಿಸಬೇಡಿ. ಹತ್ತಿರದ ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಿ.

ನಕ್ಕುಬಿಟ್ಟೆ. ಆ ಕೈಪಿಡಿಯನ್ನು ಅನುವಾದಿಸಿದ್ದು ನಾನಲ್ಲ. ಆದರೆ ಇದೇ ವಾಕ್ಯವನ್ನು ಬೇರೆ ಗಾಡಿಗಳಿಗೆ, ನೀರೆತ್ತುವ ಪಂಪಿಗೆ, ಮಿಕ್ಸರಿಗೆ, ವಾಷಿಂಗ್ ಮಷೀನಿಗೆ, ಇನ್ವರ್ಟರಿಗೆ ಲೆಕ್ಕವಿಲ್ಲದಷ್ಟು ಸಲ ಕನ್ನಡಕ್ಕೆ ತಂದವಳು ನಾನು. ನಮ್ಮ ಕೆಲಸದಲ್ಲಿ ಟ್ರಾನ್ಸ್‌ಲೇಷನ್ ಮೆಮೊರಿ ಎಂಬುದೊಂದಿದೆ. ಹಿಂದೆ ಅನುವಾದಿಸಿದ ವಾಕ್ಯ ಮತ್ತೆ ಬಂದರೆ ಸಾಫ್ಟ್‌ವೇರೇ ಅದನ್ನು ತಂದು ಕೂರಿಸುತ್ತದೆ, ನೂರಕ್ಕೆ ನೂರು ಹೊಂದಿಕೆ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಅಂಥ ವಾಕ್ಯಕ್ಕೆ ನನ್ನ ಗಿರಾಕಿಗಳು ಕಾಸು ಕೊಡುವುದಿಲ್ಲ. ಹೀಗಾಗಿ 'ಸೇವಾ ಕೇಂದ್ರವನ್ನು ಸಂಪರ್ಕಿಸಿ' ಎಂಬುದು ನಾನು ಅತಿ ಹೆಚ್ಚು ಸಲ ಬರೆದ ಕನ್ನಡ ವಾಕ್ಯ, ಅದರಿಂದ ದುಡಿದದ್ದು ಸೊನ್ನೆ. ಈ ಪ್ರಬಂಧ ಆ ವಾಕ್ಯದ ಮೇಲಿನ ಜಗಳ. ಅದರಲ್ಲಿ ನನ್ನ ಪಾಲೂ ಇದೆಯೆಂದು ಮೊದಲೇ ಒಪ್ಪಿಕೊಂಡಿದ್ದೇನೆ.

ಬೈಕ್ ತಳ್ಳಿಕೊಂಡು ಅರ್ಧ ಕಿಲೋಮೀಟರ್ ನಡೆದ ಮೇಲೆ ವೆಲ್ಡಿಂಗ್ ಅಂಗಡಿಯೊಂದು ಸಿಕ್ಕಿತು. ಟ್ರಾಲಿ, ನೇಗಿಲು, ಗೇಟು ಬೆಸೆಯುವ ತಗಡಿನ ಶೆಡ್ಡು. ಹುಡುಗ ಬಗ್ಗಿ ನೋಡಿ, 'ತಾಈ, ದೋನ್ ಟಾಕೆ ಮಾರತೋ, ಆಯುಷ್ಯಭರ ಹಲಣಾರ ನಾಹೀ' ಅಂದ. ಎರಡು ಹೊಲಿಗೆ ಹಾಕುತ್ತೇನೆ, ಜೀವಮಾನದಲ್ಲಿ ಅಲ್ಲಾಡುವುದಿಲ್ಲ. (ಮರಾಠಿಯ ಅಕ್ಕ ಕನ್ನಡದ ಕಿವಿಗೆ ತಾಯಿಯಾಗಿ ಕೇಳುತ್ತಾಳೆ. ಆರು ವರ್ಷ ನಾಸಿಕ್‌ನಲ್ಲಿದ್ದರೂ ನನಗೆ ಈ ಬಡ್ತಿ ರೂಢಿಯಾಗಿಲ್ಲ.) ನೂರು ರೂಪಾಯಿ ಸಾಕೆಂದ. ಹೂಂ ಅನ್ನುವವಳಿದ್ದೆ. ಅದಕ್ಕೂ ಮೊದಲು ಕಾಕಾನಿಗೊಂದು ಫೋನ್ ಮಾಡೋಣವೆನ್ನಿಸಿತು.

ಕಾಕಾ ನನ್ನ ಸ್ವಂತ ಕಾಕಾ ಅಲ್ಲ. ನಮ್ಮ ಓಣಿಯ ಧಾರವಾಡದವರು, ಓಝರ್‌ನ ಎಚ್‌ಎಎಲ್‌ನಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. 1964ರಲ್ಲಿ ಮಿಗ್ ಯುದ್ಧವಿಮಾನಕ್ಕಾಗಿ ಶುರುವಾದ ಆ ಘಟಕ, ಆಮೇಲೆ ಬೆಂಗಳೂರಿನ ಮೈಕೋ ಸಾತಪುರದಲ್ಲಿ ತೆರೆದ ಕಾರ್ಖಾನೆ, ಇವುಗಳ ಬೆನ್ನು ಹಿಡಿದು ನಾಸಿಕ್‌ಗೆ ಬಂದ ಕನ್ನಡದ ಮನೆಗಳು ಬೇಕಾದಷ್ಟಿವೆ. ಫೋನಿನಲ್ಲಿ ನಾನು 'ಲಿವರ್ ಲೂಸಾಗಿದೆ ಕಾಕಾ' ಅಂದೆ. ಅವರು ಕೇಳಿದ್ದು ಹೀಗೆ: 'ಲೂಸ್ ಅಂದರ ಏನವಾ? ಅಳ್ಳಾಡಾಕತ್ತದೋ, ಜಾರಾಕತ್ತದೋ? ಮೊದಲ ಅದನ್ನ ನೋಡು.'

ಭಾಷಾಶಾಸ್ತ್ರದಲ್ಲಿ ಎಂಎ ಮಾಡಿದವಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕ್ರೂಸರಿನಲ್ಲಿ ಕಾಲು ಮುಂದಿರುವುದರಿಂದ ಲಿವರ್ ನೇರವಾಗಿ ಇಂಜಿನ್ನಿಗೆ ಕೂರುವುದಿಲ್ಲ. ಕಾಲಡಿಯ ಲಿವರ್ ಒಂದು ಗೂಟದ ಮೇಲೆ ತಿರುಗುತ್ತದೆ, ಅದರಿಂದ ಒಂದು ರಾಡ್ ಹಿಂದಕ್ಕೆ ಹೋಗುತ್ತದೆ, ರಾಡಿನ ಎರಡೂ ತುದಿಗೆ ಬಾಲ್ ಜಾಯಿಂಟ್, ಕೊನೆಗೊಂದು ಗಿಡ್ಡ ತೋಳು. ಆ ತೋಳು ಇಂಜಿನ್ನಿನಿಂದ ಹೊರಗೆ ಚಾಚಿದ ಶಾಫ್ಟಿನ ಹಲ್ಲುಗಳ ಮೇಲೆ ಕೂತಿರುತ್ತದೆ. ಗೂಟದ ಬುಷ್ ಸವೆದರೆ ಲಿವರ್ ಅಕ್ಕಪಕ್ಕ ಅಲ್ಲಾಡುತ್ತದೆ, ಆದರೆ ಗಿಯರ್ ಬೀಳುತ್ತದೆ. ಬಾಲ್ ಜಾಯಿಂಟ್ ಸವೆದರೆ ಕಾಲು ಒತ್ತಿದ ಮೇಲೆ ಒಂದಿಷ್ಟು ದೂರ ಖಾಲಿ ಹೋಗಿ ಆಮೇಲೆ ಹಿಡಿಯುತ್ತದೆ. ಹಲ್ಲು ಹಿಡಿತ ಬಿಟ್ಟರೆ ಮಾತ್ರ ಜಾರುತ್ತದೆ. ಮೂರು ಕಾಯಿಲೆ, ಮೂರು ಮದ್ದು. ಅಲ್ಲಾಡು, ಖಾಲಿ ಹೋಗು, ಜಾರು ಎಂಬ ಮೂರು ಮಾತಿನಲ್ಲಿ ರೋಗಪರೀಕ್ಷೆ ಮುಗಿಯಿತು. ಕೈಪಿಡಿಯ 'ಸಡಿಲವೆನಿಸಿದರೆ' ಎಂಬ ಮಾತು ಮೂರನ್ನೂ ಒಂದೇ ಗೋಣಿಗೆ ತುಂಬಿ ಕಟ್ಟಿಬಿಟ್ಟಿತ್ತು.

ನನ್ನದು ಜಾರುವ ಕಾಯಿಲೆ. ಮುಂದಿನ ಇಪ್ಪತ್ತು ನಿಮಿಷ ಫೋನನ್ನು ಸ್ಪೀಕರಿಗೆ ಹಾಕಿ ನಾನೇ ಮಾಡಿದೆ. ಹುಡುಗ ಹತ್ತರ ಪಾನಾ ಕೊಟ್ಟ. ಮೊದಲು ತೋಳು ಶಾಫ್ಟಿನ ಮೇಲೆ ಯಾವ ಕೋನದಲ್ಲಿ ಕೂತಿದೆಯೆಂದು ಮೊಳೆಯಿಂದ ಗೀರಿ ಗುರುತು ಮಾಡಿದೆ. ಬೋಲ್ಟನ್ನು ಸಡಿಲಿಸಿ ತೋಳು ಎಳೆದರೆ ಬರಲಿಲ್ಲ. ಕಾಕಾ ಬೈದರು: ಶಾಫ್ಟಿನ ಮೇಲೆ ಸುತ್ತ ಒಂದು ಗಾಡಿ ಕೊರೆದಿರುತ್ತದೆ, ಬೋಲ್ಟು ಅದರೊಳಗೇ ಹಾದುಹೋಗುತ್ತದೆ, ತೋಳು ಕಳಚಿ ಬೀಳದಿರಲೆಂದೇ ಆ ಏರ್ಪಾಡು. ಬೋಲ್ಟು ಪೂರ್ತಿ ತೆಗೆದರೆ ಮಾತ್ರ ತೋಳು ಈಚೆ ಬರುತ್ತದೆ. ಬಂತು. ಹಲ್ಲುಗಳ ನಡುವೆ ಕಪ್ಪು ಜಿಡ್ಡು ಗಟ್ಟಿಯಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದಿಷ್ಟು ಪೆಟ್ರೋಲು, ಉಜ್ಜಿ ಒರೆಸಿ ನೋಡಿದರೆ ಶಾಫ್ಟಿನ ಹಲ್ಲು ಚೂಪಾಗಿಯೇ ಇತ್ತು. ತೋಳಿನ ಹಲ್ಲು ಮಾತ್ರ ಮೊಂಡಾಗಿತ್ತು. ಸಾಮಾನ್ಯವಾಗಿ ಹಾಗೆಯೇ ಆಗುವುದು. ಶಾಫ್ಟು ಗಟ್ಟಿ ಮಾಡಿದ ಉಕ್ಕು, ತೋಳು ಅಷ್ಟು ಗಟ್ಟಿಯಲ್ಲ. ಅಗ್ಗದ ಭಾಗ ಮೊದಲು ಸವೆಯುತ್ತದೆ, ದುಬಾರಿ ಭಾಗ ಉಳಿಯುತ್ತದೆ.

ಈಗ ಆ ಬೋಲ್ಟಿನ ವಿಷಯ. ತೋಳಿನ ಬುಡದಲ್ಲಿ ಒಂದು ಸೀಳು ಇರುತ್ತದೆ. ಬೋಲ್ಟು ಬಿಗಿದಾಗ ಸೀಳು ಕಿರಿದಾಗಿ ತೋಳು ಶಾಫ್ಟನ್ನು ಅಪ್ಪುತ್ತದೆ. ಹಲ್ಲು ಸವೆಯುತ್ತ ಹೋದಂತೆ ಸೀಳು ಮುಚ್ಚುತ್ತ ಬರುತ್ತದೆ, ಕೊನೆಗೊಂದು ದಿನ ಸೀಳಿನ ಎರಡು ದವಡೆಗಳೂ ಒಂದಕ್ಕೊಂದು ತಾಗಿಬಿಡುತ್ತವೆ. ಆಮೇಲೆ ನೀವು ಎಷ್ಟೇ ಬಿಗಿದರೂ ಬೋಲ್ಟು ಹಿಡಿಯುವುದು ದವಡೆಗಳನ್ನೇ ಹೊರತು ಶಾಫ್ಟನ್ನಲ್ಲ. ಸೇವಾ ಕೇಂದ್ರದ ಹುಡುಗ ಮೈಯೆಲ್ಲ ಬಲ ಹಾಕಿ ತಿರುವಿದ್ದು ಇದನ್ನೇ. ಸೀಳಿನೊಳಗೆ ಒಂದು ಬ್ಲೇಡು ತೂರುತ್ತದೆಯೇ ಎಂದು ನೋಡಿದ್ದರೆ ಸಾಕಿತ್ತು. ನಾನು ಹ್ಯಾಕ್ಸಾ ಬ್ಲೇಡು ಇಸಕೊಂಡು ಸೀಳಿನ ಒಳಮೈಯನ್ನು ಸ್ವಲ್ಪ ಸ್ವಲ್ಪವೇ ತಿಂದು ಅಗಲ ಮಾಡಿದೆ, ಗೀರಿದ ಗುರುತಿಗೆ ಸರಿಯಾಗಿ ಕೂರಿಸಿದೆ, ಬಿಗಿದೆ. ಬಿಗಿದ ಮೇಲೂ ಸೀಳಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಕಾಕಾ, 'ಅಷ್ಟ ಸಾಕು, ಊರ ಮುಟ್ಟತಿ, ಆದರ ಅಲ್ಲಿ ಆ ತೋಳ ಬದಲಿಸು' ಅಂದರು.

ಎಷ್ಟು ಬಿಗಿಯಬೇಕು? ಇಂಥ ಆರು ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯ ಲೆಕ್ಕ ಸುಮಾರು 10 ನ್ಯೂಟನ್ ಮೀಟರ್. ಅಂದರೆ ಹತ್ತು ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಹತ್ತು ಕಿಲೋ ತೂಗುಹಾಕಿದರೆ ಎಷ್ಟೋ ಅಷ್ಟು. ಪೂರ್ತಿ ಮುಷ್ಟಿಯ ಬಲ ಬೇಡ, ಮಣಿಕಟ್ಟಿನ ಬಲ ಸಾಕು. ಇದನ್ನು ವಿವರಿಸಲು ನನಗೆ ಎರಡು ಸಾಲು ಸಾಕಾಯಿತು. ನನ್ನ ಕೈಪಿಡಿಯಲ್ಲಿ ಎರಡು ಪುಟದ ತುಂಬ ಹೆಲ್ಮೆಟ್ ಧರಿಸುವ ಚಿತ್ರಗಳಿವೆ, ಈ ಎರಡು ಸಾಲಿಗೆ ಜಾಗವಿಲ್ಲ. ಈ ಅಂಕಿಗಳು ಇರುವುದು ವರ್ಕ್‌ಶಾಪ್ ಮ್ಯಾನ್ಯುಅಲ್ ಎಂಬ ಇನ್ನೊಂದು ಪುಸ್ತಕದಲ್ಲಿ. ಅದು ಡೀಲರಿಗೆ ಮಾತ್ರ, ಇಂಗ್ಲಿಷಿನಲ್ಲಿ ಮಾತ್ರ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥದ್ದೊಂದು ಕನ್ನಡಕ್ಕೆ ಬರಲೆಂದು ನನ್ನ ಮೇಜಿಗೆ ಬಂದಿಲ್ಲ. ಬಂದದ್ದೆಲ್ಲ ಎಚ್ಚರಿಕೆಗಳು.

ಕನ್ನಡದಲ್ಲಿ ತಂತ್ರಜ್ಞಾನ ಬೇಕು ಎನ್ನುವ ನಮ್ಮ ಗೆಳೆಯರ ಮೇಲೂ ನನಗೆ ಸಿಟ್ಟಿರುವುದು ಇಲ್ಲಿಯೇ. ಗಿಯರಿಗೆ ಕನ್ನಡದಲ್ಲಿ ಏನನ್ನಬೇಕು, ಬೋಲ್ಟಿಗೆ ಯಾವ ಪದ ಟಂಕಿಸಬೇಕು ಎಂದು ದಶಕಗಳಿಂದ ನಾಮಪದದ ಮೇಲೆ ಬಡಿದಾಡುತ್ತಿದ್ದೇವೆ. ಗಿಯರ್ ಗಿಯರೇ ಆಗಿರಲಿ, ಯಾರಿಗೂ ನಷ್ಟವಿಲ್ಲ. ಕಾಕಾ ಆ ದಿನ ನನಗೆ ಹೇಳಿದ್ದರಲ್ಲಿ ನಾಮಪದಗಳೆಲ್ಲ ಬೇರೆ ಭಾಷೆಯವು: ಲಿವರ್, ಬೋಲ್ಟು, ಪಾನಾ, ಬ್ಲೇಡು. ಕೆಲಸ ಮಾಡಿದ್ದು ಕ್ರಿಯಾಪದಗಳು. ಗೀರು, ಸಡಿಲಿಸು, ಕಳಚು, ಉಜ್ಜು, ತೂರಿಸು, ಕೂರಿಸು, ಬಿಗಿ. ಒಂದಕ್ಕೂ ನಿಘಂಟು ಬೇಕಾಗಲಿಲ್ಲ. ಈಗ ಕೈಪಿಡಿಯ ಕನ್ನಡ ತೆಗೆದು ಕ್ರಿಯಾಪದಗಳನ್ನಷ್ಟೇ ಆರಿಸಿ ನೋಡಿ: ಮಾಡಬೇಡಿ, ಮುಟ್ಟಬೇಡಿ, ಬಿಚ್ಚಬೇಡಿ, ಪ್ರಯತ್ನಿಸಬೇಡಿ, ಖಚಿತಪಡಿಸಿಕೊಳ್ಳಿ, ಸಂಪರ್ಕಿಸಿ. ಬೇಡ ಎನ್ನುವುದಕ್ಕೆ ಕನ್ನಡ, ಹೇಗೆ ಎನ್ನುವುದಕ್ಕೆ ಇಂಗ್ಲಿಷ್. ಒಂದು ಭಾಷೆಯನ್ನು ಕಾವಲುಗಾರನ ಕೆಲಸಕ್ಕೆ ಮಾತ್ರ ಇಟ್ಟುಕೊಂಡರೆ ಅದು ಬಡವಾಗದೆ ಇನ್ನೇನಾಗುತ್ತದೆ? ಆ ಬಡತನವನ್ನೇ ತೋರಿಸಿ, ಕನ್ನಡದಲ್ಲಿ ಇದೆಲ್ಲ ಹೇಳಲಾಗುವುದಿಲ್ಲ ಎನ್ನುವವರೂ ಇದ್ದಾರೆ.

ಇದಕ್ಕೆ ಕಂಪನಿಗಳ ಕಡೆಯಿಂದ ಸಿಗುವ ಉತ್ತರ ಒಂದೇ, ಸುರಕ್ಷತೆ. ತಿಳಿಯದವರು ಬಿಚ್ಚಿದರೆ ಅಪಾಯ. ಅರ್ಧ ಸತ್ಯವಿದು. ಬ್ರೇಕಿನ ಹೈಡ್ರಾಲಿಕ್ಸ್ ಅಥವಾ ಎಬಿಎಸ್ ಅನ್ನು ರಸ್ತೆಬದಿಯಲ್ಲಿ ನಾನೂ ಬಿಚ್ಚುವುದಿಲ್ಲ, ನೀವೂ ಬಿಚ್ಚಬೇಡಿ. ಆದರೆ ಕಾಕಾನ ಹತ್ತಿರ ಈ ಮಾತು ಎತ್ತಿದರೆ ಅವರು ನಗುತ್ತಾರೆ. ಅವರು ಜೀವಮಾನವೆಲ್ಲ ಕೆಲಸ ಮಾಡಿದ್ದು ಯುದ್ಧವಿಮಾನದ ಮೇಲೆ. ಅಲ್ಲಿ ಕೈಪಿಡಿಯಲ್ಲಿ ಪ್ರತಿ ಬೋಲ್ಟಿಗೂ ಟಾರ್ಕ್ ಅಂಕಿ, ಬಿಚ್ಚುವ ಕ್ರಮ, ಕೂರಿಸುವ ಕ್ರಮ, ಎಲ್ಲಿ ಲಾಕ್ ವೈರ್ ಕಟ್ಟಬೇಕು, ಯಾರು ಸಹಿ ಹಾಕಬೇಕು, ಎಲ್ಲ ಇರುತ್ತದೆ. ಯಂತ್ರ ಅಪಾಯಕಾರಿಯಾದಷ್ಟೂ ಅದರ ಪುಸ್ತಕ ದಪ್ಪವಾಗುತ್ತದೆ, ಪುಸ್ತಕ ಬಾಯಿ ಮುಚ್ಚಿ ಕೂರುವುದಿಲ್ಲ. ಸುರಕ್ಷತೆಗಾಗಿ ಮಾಹಿತಿ ಮುಚ್ಚಿಡುವ ಪದ್ಧತಿ ವಿಮಾನದಲ್ಲಿಲ್ಲ, ಬೈಕಿನಲ್ಲಿದೆ. ಯಾಕೆ? ಬೈಕಿನ ಲಿವರ್ ಸಡಿಲಾದರೆ ಸೇವಾ ಕೇಂದ್ರಕ್ಕೆ ಒಂದು ಬಿಲ್ಲು ಹುಟ್ಟುತ್ತದೆ.

ಇದು ನನ್ನೊಬ್ಬಳ ಗೊಣಗಾಟವೂ ಅಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳು, ರಿಪೇರಿ ಕೈಪಿಡಿಗಳು, ದೋಷ ಪತ್ತೆಹಚ್ಚುವ ಸಾಧನಗಳು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ಅವುಗಳ ತಪ್ಪು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕತೆ. ಆದರೆ ರಿಪೇರಿ ಕೈಪಿಡಿಯನ್ನು ಅಡಗಿಸಿಡುವುದು ಮಾರುಕಟ್ಟೆಯ ಅಪರಾಧ ಎಂದು ಈ ದೇಶದ ಸಂಸ್ಥೆಯೊಂದು ಕಾಗದದ ಮೇಲೆ ಬರೆದಿಟ್ಟಿತು. ಅದು ಕಾರಿನ ಮಾತು, ದ್ವಿಚಕ್ರದ್ದಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಟಾರ್ಕ್ ಅಂಕಿ ಕೊಡಲೇಬೇಕು, ಜನರ ಭಾಷೆಯಲ್ಲಿ ಕೊಡಬೇಕು ಎಂಬ ಕಾನೂನಿಲ್ಲದೆ ಪೋರ್ಟಲು ಮತ್ತೊಂದು 'ಸಂಪರ್ಕಿಸಿ' ಆಗುತ್ತದೆ, ಇನ್ನೇನೂ ಅಲ್ಲ.

ಹೊರಗೆ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂಬ ಹೆದರಿಕೆಯೂ ಒಂದಿದೆಯಲ್ಲ. ಕ್ರೂಸರ್ ಅಂದರೆ ಮೊದಲು ನೆನಪಾಗುವ ಹಾರ್ಲೆ ಡೇವಿಡ್‌ಸನ್‌ನ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಜೂನ್‌ನಲ್ಲಿ ಕ್ರಮ ಕೈಗೊಂಡದ್ದು ಇದೇ ವಿಷಯಕ್ಕೆ. ಸ್ವತಂತ್ರ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದರೆ ವಾರಂಟಿ ಹೋಗುವುದಿಲ್ಲ ಎಂದು ಕಂಪನಿಯೇ ವಾರಂಟಿಯ ಕಾಗದದಲ್ಲಿ ಬರೆಯುವಂತೆ ಮಾಡಿತು. ಅದಕ್ಕೆ ಆಧಾರವಾದ ಕಾನೂನು 1975ರದ್ದು. ನನಗಿಂತ ಹಳೆಯದು.

ಇಷ್ಟೆಲ್ಲ ಹೇಳಿದ ಮೇಲೆ ಆ ವೆಲ್ಡಿಂಗ್ ಹುಡುಗನ ಕಡೆಗೂ ತಿರುಗಬೇಕು. ಯಾಕೆಂದರೆ ಸೇವಾ ಕೇಂದ್ರವನ್ನು ಬೈದ ಕೂಡಲೇ ನಮ್ಮವರು ಜುಗಾಡಿನ ಭಜನೆ ಶುರು ಮಾಡುತ್ತಾರೆ. ನಮ್ಮ ರಸ್ತೆಬದಿಯ ಮೇಸ್ತ್ರಿ ಯಾವ ಇಂಜಿನಿಯರಿಗೂ ಕಡಿಮೆಯಿಲ್ಲ, ಇತ್ಯಾದಿ. ಆ ದಿನ ಸಂಜೆ ಸಂಭಾಜಿನಗರದ ಹತ್ತಿರ ವಾಳೂಜ್‌ನಲ್ಲಿ ನಾನು ಕಂಡ ಉಸ್ತಾದ್ ಈ ಭಜನೆಗೆ ಸೇರುವವರಲ್ಲ. ಬಜಾಜ್ 1985ರಲ್ಲಿ ಅಲ್ಲಿ ಕಾರ್ಖಾನೆ ತೆರೆದ ಮೇಲೆ ಬಿಡಿಭಾಗ ಮಾಡುವ ಸಣ್ಣಪುಟ್ಟ ಶೆಡ್ಡುಗಳು ಸುತ್ತ ಎದ್ದ ಊರದು. ಅಲ್ಲಿಗೆ ನಾನು ಹೋಗಿದ್ದೂ ಕಾರ್ಮಿಕರ ಸುರಕ್ಷತಾ ಪುಸ್ತಿಕೆಯ ಅನುವಾದದ ಕೆಲಸಕ್ಕೇ. ಉಸ್ತಾದ್ ಮಾತಾಡಿದ್ದು ದಖನಿ. ನನ್ನ ಊರು ಬೀದರ್ ಜಿಲ್ಲೆಯ ಭಾಲ್ಕಿ. 1948ರವರೆಗೆ ನಾವೂ ಅವರೂ ಒಬ್ಬನೇ ನಿಜಾಮನ ಪ್ರಜೆಗಳು, ಹಾಗಾಗಿ ಆ ಮಾತು ನನಗೆ ಮನೆಯ ಹಿತ್ತಲಿನದು. ವೆಲ್ಡಿಂಗಿನ ವಿಷಯ ಹೇಳಿದ್ದೇ ಅವರು ಒಂದು ಡಬ್ಬಿ ತೆರೆದು ತೋರಿಸಿದರು. ಒಳಗೆ ಗರಗಸದಿಂದ ಕತ್ತರಿಸಿದ ಶಾಫ್ಟಿನ ತುದಿಗಳು, ಬೆಸೆದ ತೋಳುಗಳ ಸಮೇತ. 'ವೆಲ್ಡ್ ಮಾರ್ ದಿಯೇ ತೋ ಕಲ್ ಖೋಲೇಂಗೇ ಕೈಸೇ, ಬೇಟಾ?'

ಬೆಸುಗೆಯ ಶಾಖಕ್ಕೆ ಶಾಫ್ಟಿನ ಗಟ್ಟಿತನ ಹೋಗುತ್ತದೆ, ಅದರ ಹಿಂದೆಯೇ ಇರುವ ರಬ್ಬರಿನ ಆಯಿಲ್ ಸೀಲ್ ಸುಡುತ್ತದೆ. ಸೀಲ್ ಸೋರತೊಡಗಿದಾಗ ಅದನ್ನು ಬದಲಿಸಬೇಕೆಂದರೆ ತೋಳು ಕಳಚಬೇಕು, ಬೆಸೆದ ತೋಳು ಕಳಚುವುದಿಲ್ಲ. ಅನೇಕ ಬೈಕುಗಳಲ್ಲಿ ಶಾಫ್ಟನ್ನು ಕ್ಲಚ್ಚಿನ ಕಡೆಯಿಂದ ಎಳೆಯಬೇಕು, ಹೊರಗಿನ ತುದಿಯಲ್ಲಿ ಇಷ್ಟು ದೊಡ್ಡ ಗಂಟಿದ್ದರೆ ಅದು ಎಲ್ಲಿಂದ ಹಾಯಬೇಕು? ನೂರು ರೂಪಾಯಿಯ ಎರಡು ಹೊಲಿಗೆ ಕೊನೆಗೆ ಅದೇ ಸೇವಾ ಕೇಂದ್ರದ ಏಳು ಸಾವಿರದ ಪಟ್ಟಿಗೆ ನಿಮ್ಮನ್ನು ಮುಟ್ಟಿಸುತ್ತದೆ. ಹುಡುಗನ ತಪ್ಪೇನಿದೆ? ಆ ಬೋಲ್ಟು ಗಾಡಿಯೊಳಗೆ ಹಾಯುತ್ತದೆ, ಸೀಳು ಮುಚ್ಚಿದರೆ ಹಿಡಿಯುವುದಿಲ್ಲ ಎಂದು ಅವನಿಗೆ ಮರಾಠಿಯಲ್ಲಿ ಯಾರಾದರೂ ಬರೆದುಕೊಟ್ಟಿದ್ದಾರೆಯೇ? ಅವನ ಕೈಯಲ್ಲಿದ್ದದ್ದು ವೆಲ್ಡಿಂಗ್ ಹೋಲ್ಡರು, ಅದರಿಂದ ಮಾಡಬಹುದಾದದ್ದನ್ನು ಅವನು ಮಾಡಲು ಹೊರಟ. ಪುಸ್ತಕ ಮುಚ್ಚಿಟ್ಟವರೇ ಜುಗಾಡನ್ನು ಹುಟ್ಟಿಸುತ್ತಾರೆ, ಆಮೇಲೆ ಜುಗಾಡನ್ನೇ ತೋರಿಸಿ, ನೋಡಿ, ಇದಕ್ಕೇ ನಾವು ಬಿಚ್ಚಬೇಡಿ ಎಂದದ್ದು ಎನ್ನುತ್ತಾರೆ.

ಉಸ್ತಾದ್ ಹೊಸ ತೋಳು ಹಾಕಿದರು. ಬೋಲ್ಟೂ ಹೊಸದು, ಅದರ ಅಡಿಗೊಂದು ಸ್ಪ್ರಿಂಗ್ ವಾಷರು, ಎಳೆಗೆ ಒಂದು ಹನಿ ನೀಲಿ ಥ್ರೆಡ್‌ಲಾಕರ್. ಹಲ್ಲಿಗೆ ಅದನ್ನು ಹಚ್ಚಬಾರದು, ಬೋಲ್ಟಿಗೆ ಮಾತ್ರ. ರಾಡಿನ ಒಂದು ತುದಿಯಲ್ಲಿ ಎಡಮುರಿ ಎಳೆ ಇರುತ್ತದೆ, ಅದಕ್ಕೇ ಲಾಕ್‌ನಟ್ ಸಡಿಲಿಸಿ ರಾಡನ್ನು ತಿರುವಿದರೆ ಸಾಕು ಲಿವರ್ ಮೇಲೆ ಕೆಳಗೆ ಆಗುತ್ತದೆ ಎಂದು ತೋರಿಸಿ ನನ್ನ ಗಿಡ್ಡ ಕಾಲಿಗೆ ಹೊಂದಿಸಿಕೊಟ್ಟರು. ಬೈಕ್ ಕೊಂಡ ಮೂರು ವರ್ಷದಲ್ಲಿ ಇದು ಹೊಂದಿಸಬಹುದಾದದ್ದು ಎಂದೇ ನನಗೆ ಗೊತ್ತಿರಲಿಲ್ಲ. ನೂರು ಕಿಲೋಮೀಟರ್ ಆದ ಮೇಲೆ ಒಂದು ಸಲ ಬೋಲ್ಟು ಮುಟ್ಟಿ ನೋಡು ಎಂದರು. ಭಾಗಕ್ಕೆ ನೂರ ಎಂಬತ್ತು, ಕೆಲಸಕ್ಕೆ ಅರವತ್ತು.

ಕಳೆದ ತಿಂಗಳು ಇನ್ನೊಂದು ದ್ವಿಚಕ್ರ ವಾಹನದ ಕೈಪಿಡಿ ಅನುವಾದಕ್ಕೆ ಬಂತು. ಹಸಿರು ಬಣ್ಣದಲ್ಲಿ ಅದೇ ವಾಕ್ಯ. ಈ ಸಲ ಪ್ರಶ್ನೆಗಳ ಕಾಲಮ್ಮಿನಲ್ಲಿ ಬರೆದೆ: ಈ ಬೋಲ್ಟಿನ ಟಾರ್ಕ್ ಅಂಕಿ ಕೊಡಬಹುದೇ, ಓದುಗರಿಗಾಗಿ ಎರಡು ಸಾಲು ಸೇರಿಸುತ್ತೇನೆ, ಅದಕ್ಕೆ ಶುಲ್ಕ ಬೇಡ. ಮರುದಿನ ಉತ್ತರ ಬಂತು. ಮೂಲದಲ್ಲಿರುವಂತೆಯೇ ಅನುವಾದಿಸಿ. ಅನುವಾದಿಸಿ ಕಳಿಸಿದೆ. ಬಾಡಿಗೆ ಕಟ್ಟಬೇಕಲ್ಲ.

ಅದರ ಬದಲಿಗೆ ಬೇರೊಂದು ಕೆಲಸ ಹಚ್ಚಿಕೊಂಡಿದ್ದೇನೆ. ಗಿಯರ್ ಲಿವರ್, ಕ್ಲಚ್ ಕೇಬಲ್, ಚೈನು, ಈ ಮೂರಕ್ಕೆ ಕನ್ನಡದಲ್ಲಿ ಎಂಟು ಪುಟ, ಅಂಕಿಗಳ ಸಮೇತ. ಕಾಕಾ ತಿದ್ದಿಕೊಡುತ್ತಿದ್ದಾರೆ. ಚೈನಿನ ಅಧ್ಯಾಯದಲ್ಲಿ ನಿಂತಿದ್ದೇನೆ. ಚೈನು ಎಷ್ಟು ಇಳಿಬಿದ್ದಿರಬೇಕು ಎನ್ನುವುದಕ್ಕೆ ಕಾಕಾ 'ಜೋತಾಡಬೇಕು' ಎನ್ನುತ್ತಾರೆ, ನನ್ನ ಬಾಯಿಗೆ ಬರುವುದು 'ಜೋಲು'. ನಿಮ್ಮೂರಿನ ಗ್ಯಾರೇಜಿನಲ್ಲಿ ಏನನ್ನುತ್ತಾರೆ? ಮಂಗಳೂರಿನವರು, ಚಾಮರಾಜನಗರದವರು, ಸೊಲ್ಲಾಪುರದವರು, ಈ ಮೇಲ್‌ಗೇ ಉತ್ತರಿಸಿ.